ಮ್ಯಾನೇಜರ್ ಕಳಿಸದ ಮೇಲ್

ಗಿರಾಕಿಗಳ ವಿವರವೆಲ್ಲ ಕಳುವಾದ ಮೇಲೆ ಆ ಸಾಫ್ಟ್‌ವೇರ್ ಕಚೇರಿಯಲ್ಲಿ ನಗು ನಿಂತೇಹೋಗಿತ್ತು. ತಪ್ಪನ್ನು ಇಮ್ತಿಯಾಜನ ತಲೆಗೆ ಕಟ್ಟಿ ಕೆಲಸದಿಂದ ತೆಗೆದಿದ್ದರು. ಮುಂದಿನ ಸರದಿ ತನ್ನದೇ ಎಂದು ಪಕ್ಕದ ಕುರ್ಚಿಯ ಜೆಸಿಂತಾಳಿಗೆ ದಿಗಿಲು.

“ಭದ್ರತೆಗೆ ತಂಡಕ್ಕೊಬ್ಬರನ್ನು ನೇಮಿಸಿ ಸರ್. ಅಪಾಯ ಕಂಡರೆ ಸಾಫ್ಟ್‌ವೇರ್ ರಿಲೀಸ್ ತಡೆಯುವ ಅಧಿಕಾರವನ್ನೂ ಕೊಡಿ,” ಎಂದಳು.

ಮ್ಯಾನೇಜರ್ ಧನಪಾಲರು ಗುಡುಗಿದರು. “ಭದ್ರತೆ ಎಲ್ಲರ ಹೊಣೆ! ಒಬ್ಬರ ಹೆಸರು ಯಾಕಮ್ಮ ಬೇಕು?” ಅಷ್ಟು ಹೇಳಿ, ಲ್ಯಾಪ್‌ಟಾಪ್ ಲಾಕ್ ಮಾಡದೆ ಊಟಕ್ಕೆ ಹೋದರು.

ಆ ಕಚೇರಿಯಲ್ಲೊಂದು ಪದ್ಧತಿಯಿತ್ತು. ಹಾಗೆ ಬಿಟ್ಟುಹೋದವರ ಲ್ಯಾಪ್‌ಟಾಪಿನಿಂದ, ‘ನಾಳೆ ಎಲ್ಲರಿಗೂ ನನ್ನ ಖರ್ಚಿನಲ್ಲಿ ಐಸ್‌ಕ್ರೀಮ್’ ಎಂದು ಯಾರಾದರೂ ಮೇಲ್ ಕಳಿಸುವುದು. ಆ ಮಾತನ್ನು ಅವರು ನಡೆಸಿಕೊಡಲೇಬೇಕು.

ಧನಪಾಲರು ಕೈತೊಳೆದು ಬರುವಷ್ಟರಲ್ಲಿ ಅವರ ಹೆಸರಿನ ಮೇಲ್ ಎಲ್ಲರಿಗೂ ತಲುಪಿತ್ತು: ‘ಇಂದಿನಿಂದ ತಂಡಕ್ಕೊಬ್ಬರು ಭದ್ರತೆ ನೋಡುತ್ತಾರೆ. ಅವರು ಬೇಡವೆಂದರೆ ರಿಲೀಸ್ ಇಲ್ಲ. ಅವರ ಮಾತು ಮೀರಿ ಎಡವಟ್ಟಾದರೆ ಹೊಣೆ ನನ್ನದು.’

“ಯಾರು ಕಳಿಸಿದ್ದು?” ಧನಪಾಲರು ಕೂಗಾಡಿದರು.

“ಎಲ್ಲರೂ ಸರ್,” ಎಂದಳು ಜೆಸಿಂತಾ. “ಒಬ್ಬರ ಹೆಸರು ಯಾಕೆ ಬೇಕು?”

ಮೇಲ್ ಸುಳ್ಳೆಂದು ಮೇಲಿನವರಿಗೆ ದೂರಿದರೆ, ಲ್ಯಾಪ್‌ಟಾಪ್ ಲಾಕ್ ಮಾಡದೆ ಹೋದದ್ದನ್ನು ತಾವೇ ಒಪ್ಪಿಕೊಂಡಂತೆ. ಧನಪಾಲರು ಲ್ಯಾಪ್‌ಟಾಪ್ ಲಾಕ್ ಮಾಡಿದರು. ಮೇಲ್ ಹಾಗೆಯೇ ಉಳಿಯಿತು.

ಯಾರಿಗೂ ನಗು ಬರಲಿಲ್ಲ. ಇಮ್ತಿಯಾಜನ ಕುರ್ಚಿ ಖಾಲಿಯೇ ಇತ್ತು.