ಸವದತ್ತಿ ಸರ್ ತಲೆಯ ಮೇಲಿನ ಫ್ಯಾನು

ಧಾರವಾಡದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಸವದತ್ತಿ ಸರ್ ತರ್ಕ ಕಲಿಸುತ್ತಿದ್ದರು. ಒಂದು ವಾದ ಕೊಟ್ಟು, ಅದನ್ನು ದುರ್ಬಲಗೊಳಿಸುವ ಉತ್ತರ ಆರಿಸಿ ಅನ್ನುವುದೇ ಅವರ ಪಾಠ. ಹೊಸದಾಗಿ ಬಂದ ನದಾಫ್ ಸರ್ ಕ್ಲಾಸು ತುಂಬತೊಡಗಿತು. ಹೊಟ್ಟೆಕಿಚ್ಚಿಗೆ ಸವದತ್ತಿ ಸರ್‌ಗೆ ಊಟ ಸೇರದಾಯಿತು.

ಪ್ಯೂನನನ್ನು ಕರೆದರು. “ಹುಡುಗರು ತುಂಬ್ಯಾರ, ಅಂದ್ರ ನದಾಫ ಛಲೋ ಕಲಿಸ್ತಾನ ಅಂತಾರ ಮಾಲಕರು. ಈ ವಾದ ಮುರೀಬೇಕು. ಅವನ ಅಕ್ಷರ ಛಲೋ ಇಲ್ಲ. ಪಾಸಾಗಿದ್ದು ಸೆಕೆಂಡ್ ಕ್ಲಾಸಿನಾಗ. ಹಾಕ್ಕೊಂಡ ಕೋಟು ಅವರ ಅಣ್ಣಂದು. ಇದರಾಗ ಯಾವುದು ಹೇಳಲಿ?”

“ಯಾವುದೂ ಬ್ಯಾಡ್ರಿ ಸರ. ಕೋಟು ಯಾರದಿದ್ರೂ ಹುಡುಗರು ಬಂದಾರಲ್ರಿ. ಅವರು ಬರಾಕ ಬ್ಯಾರೆ ಕಾರಣ ತೋರಿಸ್ಬೇಕು. ಫ್ಯಾನ್ ಇರೋದು ನದಾಫ್ ಸರ್ ಖೋಲ್ಯಾಗ ಒಂದ. ಖೋಲಿ ಬದಲಿ ಮಾಡಿ ನೋಡ್ರಿ.”

ಸರ್ ಮುಖ ಅರಳಿತು. ಮಾಲಕರಿಗೆ ಹೇಳಿ ಅಂದೇ ನದಾಫ್ ಸರ್ ಜೊತೆ ಕೋಣೆ ಬದಲಿಸಿಕೊಂಡರು.

ಮರುದಿನ ಸುಡು ಬಿಸಿಲು. ಹುಡುಗರೆಲ್ಲ ಬೆವರು ಒರೆಸಿಕೊಳ್ಳುತ್ತ ನದಾಫ್ ಸರ್ ಮುಂದೆಯೇ ಹೋಗಿ ಕೂತರು. ಸವದತ್ತಿ ಸರ್ ಎದುರಿಗೆ ಬರೀ ಬೆಂಚು. ತಲೆಯ ಮೇಲೆ ಗರಗರ ತಿರುಗುವ ಫ್ಯಾನು. ಆದರೂ ಅವರ ಅಂಗಿ ತೊಯ್ದಿತ್ತು.

ಪ್ಯೂನ್ ಬಾಗಿಲಲ್ಲಿ ಇಣುಕಿ ಮೆಲ್ಲಗೆ ಅಂದ: “ಸರ, ಫ್ಯಾನ್ ಇದ್ರೂ ಬೆವರಾಕತ್ತೀರಿ. ಬ್ಯಾರೆ ಕಾರಣ ಇರಬೇಕ್ರಿ.”