ಎಡಕ್ಕೆ ನೋಡುವ ನವಿಲು

ಕಪ್ಪು ಮಣ್ಣಿನ ಎರೆ ಸೀಮೆಯ ಒಂದು ಊರಿನಲ್ಲಿ ಜೈತುನಬಿ ಎಂಬ ಹೆಂಗಸಿದ್ದಳು. ನಡುಮನೆಯಲ್ಲಿ ಎತ್ತರಕ್ಕೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಜಮಖಾನ ನೇಯುವುದು ಅವಳ ಕಸುಬು. ಪಟ್ಟೆ, ಚೌಕಗಳನ್ನು ಓಣಿಯಲ್ಲಿ ಎಲ್ಲರೂ ನೇಯುತ್ತಿದ್ದರು. ನವಿಲು ಮಾತ್ರ ಜೈತುನಬಿಯದು. ಬಲಕ್ಕೆ ಮುಖ ಮಾಡಿ, ಕೊರಳು ಕೊಂಕಿಸಿ, ಇನ್ನೇನು ಕೂಗಿಬಿಡುತ್ತದೆ ಎನ್ನುವಂತೆ ಅದು ನಿಂತಿರುತ್ತಿತ್ತು.

ಆ ನವಿಲು ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆಗೆ ಅವಳ ಅತ್ತೆಯಿಂದ. ಆ ಮನೆಯ ಪದ್ಧತಿಯೇ ಹಾಗೆ, ಕಸುಬು ಸೊಸೆಗೆ, ಮಗಳಿಗಲ್ಲ. ಮಗಳು ಹೇಗೂ ಮದುವೆಯಾಗಿ ಹೋಗುವವಳು. ಅವಳ ಹಿಂದೆ ನವಿಲೂ ಹಾರಿಹೋದರೆ ಏನು ಗತಿ?

ಹೀಗಾಗಿ ಮಗಳು ಶಮೀಮ ತಾನೂ ನೇಯುತ್ತೇನೆಂದು ಹಟ ಹಿಡಿದಾಗಲೆಲ್ಲ ಜೈತುನಬಿ ಅವಳನ್ನು ಮಗ್ಗದ ಹಿಂದೆ ಕೂಡಿಸುತ್ತಿದ್ದಳು.

“ಅಲ್ಲೆ ಕುಂತು ನೂಲಿನ ಉಂಡಿ ಕೊಡು. ಈ ಕಡೆ ಬರಬ್ಯಾಡ.”

ಹುಡುಗಿ ಎಳೆಗಳ ಸಂದಿಯಿಂದ ಉಂಡೆ ಕೊಡುತ್ತಲೇ ದೊಡ್ಡವಳಾದಳು. ಬೇರೆ ಊರಿಗೆ ಮದುವೆಯಾಗಿ ಹೋದಳು. ನವಿಲು ಮನೆಯಲ್ಲೇ ಉಳಿಯಿತೆಂದು ತಾಯಿ ನೆಮ್ಮದಿಯಾಗಿದ್ದಳು.

ಸೊಸೆ ಬಂದಳು. ಹಸೀನಾ ಒಳ್ಳೆಯ ಹುಡುಗಿ, ಆದರೆ ಅವಳ ಮನಸ್ಸೆಲ್ಲ ಹೊಲಿಗೆ ಮಷೀನಿನ ಮೇಲೆ. “ನವಿಲಿನ ಒಂದು ಕಾಲು ಮುಗಿಯೂದ್ರಾಗ ನಾಕು ಜಂಪರ್ ಹೊಲೀತೀನ್ರಿ ಅತ್ತಿ” ಎಂದು ನಕ್ಕು ಎದ್ದುಬಿಟ್ಟಳು. ಗದರಿಸಿದ್ದಾಯಿತು, ರಮಿಸಿದ್ದಾಯಿತು, ನವಿಲು ಅವಳ ಕೈಗೆ ಹತ್ತಲಿಲ್ಲ. ಅಷ್ಟರಲ್ಲಿ ಜೈತುನಬಿಯ ಕಣ್ಣು ಮಂಜಾಗತೊಡಗಿತು. ತನ್ನ ಕಣ್ಣಿನ ಜೊತೆಗೇ ನವಿಲೂ ಹೋಗುತ್ತದಲ್ಲ ಎಂಬ ಚಿಂತೆ ಅವಳನ್ನು ಕಾಡುತ್ತಿತ್ತು.

ಅಂಥ ಹೊತ್ತಿನಲ್ಲಿ ಮೇಲಿನ ಓಣಿಯ ನೀಲಗಂಗವ್ವ ಬಂದಳು. ಅವಳ ಮೊಮ್ಮಗಳ ಮದುವೆ. ವಧು ವರರು ಕೂತುಕೊಳ್ಳುವುದಕ್ಕೆ ಜಮಖಾನ ಬೇಕು, ಅದರಲ್ಲಿ ಎರಡು ನವಿಲು ಒಂದನ್ನೊಂದು ನೋಡುತ್ತಿರಬೇಕು.

“ನಿನ್ನ ಬಿಟ್ಟು ಯಾರ ಕೈಲಿ ಆಗತೈತಿ ಇದು?” ಎಂದಳು ನೀಲಗಂಗವ್ವ.

ಹೊಗಳಿಕೆಗೆ ಉಬ್ಬಿ ಜೈತುನಬಿ ಮಾತು ಕೊಟ್ಟೇಬಿಟ್ಟಳು. ಬಲಕ್ಕೆ ನೋಡುವ ನವಿಲು ಸಲೀಸಾಗಿ ಬಂತು. ಎಡಕ್ಕೆ ನೋಡುವುದು ಬರಲೇ ಇಲ್ಲ. ಕೊಕ್ಕು ಇರಬೇಕಾದಲ್ಲಿ ಬಾಲ, ಬಾಲದ ಜಾಗದಲ್ಲಿ ಹೊಟ್ಟೆ. ಬಿಚ್ಚಿದಳು, ನೇಯ್ದಳು, ಮತ್ತೆ ಬಿಚ್ಚಿದಳು. ಕೈ ಕಲಿತದ್ದು ಒಂದೇ ದಿಕ್ಕು, ಅದು ಬೇರೆ ಕಡೆ ತಿರುಗಲು ಒಪ್ಪಲಿಲ್ಲ.

ಮದುವೆ ಹತ್ತಿರ ಬಂತು. ಆಗುವುದಿಲ್ಲ ಎಂದು ಹೇಳಿಬರಲು ಅವಳು ನೀಲಗಂಗವ್ವನ ಮನೆಗೆ ಹೋದಳು. ಇವಳು ಕೂತುಕೊಳ್ಳಲೆಂದು ನೀಲಗಂಗವ್ವ ಒಂದು ಸಣ್ಣ ಜಮಖಾನ ಹಾಸಿದಳು. ಅದರ ಮೇಲೊಂದು ನವಿಲು. ಅದೇ ಕೊರಳು, ಅದೇ ಕೊಂಕು. ಆದರೆ ನೋಡುತ್ತಿದ್ದದ್ದು ಎಡಕ್ಕೆ!

ಹಿಂಬದಿ ಮೇಲಾಗುವಂತೆ ತಿರುವಿ ಹಾಸಿದ್ದಾರೆ ಎಂದುಕೊಂಡು ಜೈತುನಬಿ ಅಂಚು ಎತ್ತಿ ನೋಡಿದಳು. ನೂಲಿನ ತುದಿಗಳು ಕೆಳಗಡೆಯೇ ಇದ್ದವು. ಹಾಸಿದ್ದು ಸರಿಯಾಗಿಯೇ ಇತ್ತು.

“ಎಲ್ಲಿ ತಂದ್ರಿ ಅಕ್ಕಾರ ಇದನ್ನ?”

“ಮೊನ್ನೆ ನಿನ್ನ ಮಗಳ ಊರಿನ ಸಂತ್ಯಾಗ. ಯಾಕ?”

ಜೈತುನಬಿಗೆ ಮೈಯೆಲ್ಲ ಉರಿಯಿತು. ಬಂದ ಕೆಲಸ ಮರೆತು ಎದ್ದವಳು ನೇರವಾಗಿ ಮಗಳ ಊರಿನ ಬಸ್ಸು ಹತ್ತಿದಳು.

ಶಮೀಮ ಹಿತ್ತಲಿನ ತಗಡಿನ ಕೆಳಗೆ ಮಗ್ಗ ಹೂಡಿಕೊಂಡಿದ್ದಳು. ತಾಯಿಯನ್ನು ಕಂಡದ್ದೇ ಅವಳ ಕೈಯಲ್ಲಿದ್ದ ಉಂಡೆ ಜಾರಿ ಬಿತ್ತು.

“ನನ್ನ ನವಿಲು ಕದ್ದಿ?” ಎಂದಳು ಜೈತುನಬಿ.

“ಕದೀಲಿಲ್ಲಮ್ಮಾ. ನೀ ಬೈತಿ ಅಂತ ಹೇಳಿರಲಿಲ್ಲ, ಅಷ್ಟ.”

“ಮತ್ತ ಎಡಕ್ಕ ಯಾಕ ತಿರುಗಿಸಿದಿ? ನಂದು ಅಂತ ಗೊತ್ತಾಗಬಾರದು ಅಂತ?”

ಶಮೀಮಳಿಗೆ ಅರ್ಥವೇ ಆಗಲಿಲ್ಲ. “ತಿರುಗಿಸೂದೇನು? ನಿನ್ನ ನವಿಲು ಎಡಕ್ಕ ಅಲ್ಲೇನು ನೋಡೂದು? ನಾ ಕುಂತಲ್ಲಿಂದ ಹಂಗ ಕಾಣತಿತ್ತಲ್ಲ.”

ತಾನು ಮಗಳನ್ನು ಕೂಡಿಸಿದ್ದು ಎಲ್ಲಿ ಎಂಬುದು ಜೈತುನಬಿಗೆ ಆಗ ನೆನಪಾಯಿತು. ತಾನು ಮುಂದಿನಿಂದ ಬಚ್ಚಿಟ್ಟದ್ದನ್ನು ಹುಡುಗಿ ಹಿಂದಿನಿಂದ, ಒಂದು ಎಳೆಯೂ ಬಿಡದೆ ಕಲಿತಿದ್ದಳು. ಕಲಿಸದೇ ಇಷ್ಟು ಕಲಿತವಳಿಗೆ ಕಲಿಸಿದ್ದರೆ! ಬೈಯಲು ಬಂದವಳು ಅಲ್ಲೇ ಕುಳಿತು ಅತ್ತಳು.

“ನಡಿ ಊರಿಗೆ. ಒಂದು ನವಿಲು ಅರ್ಧಕ್ಕ ನಿಂತೈತಿ” ಎಂದಳು ಕೊನೆಗೆ.

ತವರಿಗೆ ಬಂದ ಶಮೀಮ ಕೈಕಾಲು ತೊಳೆದುಕೊಂಡು, ನೂಲಿನ ಬುಟ್ಟಿ ಎತ್ತಿಕೊಂಡು, ಹಳೆಯ ರೂಢಿಯಂತೆ ಮಗ್ಗದ ಹಿಂದೆ ಹೋಗಿ ಕುಳಿತಳು. ಜೈತುನಬಿ ಮಣೆಯ ಮೇಲೆ ಎಡಕ್ಕೆ ಸರಿದು ಜಾಗ ಮಾಡಿದಳು.

“ಅಲ್ಲೆ ಅಲ್ಲವ್ವಾ. ಇಲ್ಲೆ ಬಾ, ನನ್ನ ಮಗ್ಗಲಕ್ಕ ಕೂಡು.”

ಮದುವೆಯ ದಿನ ಜಮಖಾನ ಹಾಸಿದರು. ಎರಡು ನವಿಲು ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಯಾರ ಕೈಕೆಲಸ ಎಂದು ಬೀಗರು ಕೇಳಿದರು.

“ಬಲಕ್ಕ ನೋಡೂದು ನಂದ್ರಿ” ಎಂದಳು ಜೈತುನಬಿ. “ಎಡಕ್ಕ ನೋಡೂದು ನನ್ನ ಮಗಳದು.”

ನೀತಿ: ವಿದ್ಯೆ ಹಾರಿಹೋದೀತೆಂದು ಬಾಗಿಲು ಹಾಕಿಕೊಂಡರೆ ಅದು ನಮ್ಮ ಮನೆಯಲ್ಲೇ ಸಾಯುತ್ತದೆ. ಕಲಿಯುವ ಆಸೆ ಯಾರಿಗಿದೆಯೋ ಅವರೇ ಅದರ ವಾರಸುದಾರರು. ಅವರನ್ನು ಹಿಂದೆ ಕೂಡಿಸಬೇಡಿ, ಮಗ್ಗುಲಲ್ಲಿ ಕೂಡಿಸಿಕೊಳ್ಳಿ.