ಗದ್ದುಗೆಯ ಅಂಗಳದಲ್ಲಿ ನಗು

"ಗುರುಗಳೇ, ನಾವು ಪೂಜಿಸುವುದನ್ನು ಬೇರೆಯವರು ಹಗುರ ಮಾಡಲು ಬಂದರು ಎನ್ನಿ. ಕೈ ಎತ್ತದೆ, ಬಾಯಿ ಕೆಡಿಸಿಕೊಳ್ಳದೆ ಅವರನ್ನು ತಡೆದೆವು. ಆಗ ನಾವು ಗೆದ್ದ ಹಾಗಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶರಣರ ಸಮಾಧಿಯ ಗದ್ದುಗೆ ಇತ್ತು. ಊರವರು ಆ ಶರಣರನ್ನು ಅಜ್ಜ ಎಂದೇ ಕರೆಯುತ್ತಿದ್ದರು. ಆ ಊರಿನ ಒಬ್ಬ ನೇಕಾರನಿಗೆ ಅಜ್ಜನೆಂದರೆ ಪ್ರಾಣ. ಹಿಂದೊಮ್ಮೆ ಅವನ ಮಗಳು ಜ್ವರದಿಂದ ಎಚ್ಚರ ತಪ್ಪಿದ್ದಳು. ಅವಳನ್ನು ಗದ್ದುಗೆಯ ಅಂಗಳದಲ್ಲಿ ಮಲಗಿಸಿ, ಅವಳು ಕಣ್ಣು ತೆರೆಯುವವರೆಗೆ ಅವನು ಹನಿ ನೀರು ಮುಟ್ಟದೆ ಕೂತಿದ್ದ. ಮಗಳು ಉಳಿದಳು. ಅಂದಿನಿಂದ ಗದ್ದುಗೆಯ ದೀಪಕ್ಕೆ ಎಣ್ಣೆ ಹಾಕುವ ಕೆಲಸವನ್ನು ಅವನು ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಒಮ್ಮೆ ಆ ಊರಿಗೆ ನಾಟಕದ ಮಂಡಳಿಯೊಂದು ಬಂತು. ಅಜ್ಜನ ಕತೆಯನ್ನೇ ಆಡುತ್ತೇವೆ, ಗದ್ದುಗೆಯ ಅಂಗಳದಲ್ಲೇ ಆಡುತ್ತೇವೆ ಎಂದರು. ಭಕ್ತಿಯ ನಾಟಕವೆಂದು ತಿಳಿದು ಊರ ಗೌಡರು ಒಪ್ಪಿಗೆ ಕೊಟ್ಟರು. ಮರುದಿನ ಬೆಳಿಗ್ಗೆ ನೇಕಾರ ಎಣ್ಣೆ ಹಾಕಲು ಬಂದಾಗ ಅಂಗಳದಲ್ಲಿ ತಾಲೀಮು ನಡೆದಿತ್ತು. ಕಾವಿ ಉಟ್ಟು ಗಡ್ಡ ಕಟ್ಟಿಕೊಂಡ ನಟನೊಬ್ಬ ಕುಡಿದವನಂತೆ ತೂರಾಡುತ್ತ ಬಂದು ಗದ್ದುಗೆಯ ಹೊಸ್ತಿಲ ಮೇಲೆ ಮುಗ್ಗರಿಸಿ ಬಿದ್ದ.

"ಇದು ಯಾರ ಪಾತ್ರ?" ಎಂದು ನೇಕಾರ ಕೇಳಿದ.

"ಅಜ್ಜನದು" ಎಂದರು.

ನೇಕಾರನ ಬಾಯಿ ಒಣಗಿತು. ದೀಪಕ್ಕೆ ಎಣ್ಣೆ ಹಾಕುವುದನ್ನೂ ಮರೆತು ಹೊರಗೆ ಬಂದ. ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂದು ತೋಚದೆ ಬೀದಿಯ ನಡುವೆ ನಿಂತುಬಿಟ್ಟ. ಕೊನೆಗೆ ಎದುರಾದವರಿಗೆ ಹೇಳಿದ ಮೇಲೆ ಊರಿಗೆ ಊರೇ ದಂಗಾಯಿತು. ಕೆಲವರು ಕೋಲು ಹಿಡಿದು ಹೊರಟರು. ನೇಕಾರ ಅವರ ದಾರಿಗೆ ಅಡ್ಡ ನಿಂತ.

"ಕೋಲು ಮನೆಯಲ್ಲಿಟ್ಟು ಬನ್ನಿ. ಅಜ್ಜನ ಅಂಗಳದಲ್ಲಿ ರಕ್ತ ಬಿದ್ದರೆ ಅದೂ ಅಜ್ಜನಿಗೇ ಅವಮಾನ" ಎಂದ.

ಅವನ ಮಾತಿಗೆ ಎಲ್ಲರೂ ತಲೆಬಾಗಿದರು. ಗಂಡಸರು, ಹೆಂಗಸರು, ಮುದುಕರು ಅಂಗಳದ ತುಂಬ ಕೈಮುಗಿದು ಕೂತರು. ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ. ಮಂಡಳಿಯ ಯಜಮಾನ ಬಂದು ನೇಕಾರನ ಎದುರು ಕೂತ.

"ಅಜ್ಜ ಮೊದಲು ಕುಡುಕರಾಗಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಎಲ್ಲಿ ಬಿದ್ದಿದ್ದವರು ಎಲ್ಲಿಗೆ ಏರಿದರು ಎಂದು ತೋರಿಸುವುದು ತಪ್ಪೇ?"

"ತೋರಿಸಿ. ಬೇರೆ ಎಲ್ಲಾದರೂ ತೋರಿಸಿ. ನಿಮ್ಮ ಅಪ್ಪನ ಗೋರಿಯ ಮುಂದೆ ನಿಂತು ನಿಮ್ಮ ಅಪ್ಪ ಕುಡುಕನಾಗಿದ್ದ ಎಂದು ನಾನು ಆಡಿ ತೋರಿಸಿದರೆ ನಿಮಗೆ ಹೇಗಾದೀತು?"

ಯಜಮಾನ ಗದ್ದುಗೆಯ ಕಡೆಗೊಮ್ಮೆ ನೋಡಿ, ಎದ್ದು ತನ್ನವರ ಬಳಿಗೆ ಹೋದ.

ಕೂತವರಿಗೆಂದು ತಂದ ಅಂಬಲಿಯನ್ನು ನಾಟಕದವರಿಗೂ ಕೊಟ್ಟರು. ಅವರೂ ತಲೆತಗ್ಗಿಸಿ ಕುಡಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಪರದೆ ಬಿಚ್ಚಿ, ಗಾಡಿಗೆ ಸಾಮಾನು ಹೇರಿ ಹೊರಟರು. ಒಬ್ಬರ ಮೈಮೇಲೂ ಒಂದು ಗೀರು ಬಿದ್ದಿರಲಿಲ್ಲ.

ಗಾಡಿ ಕಣ್ಮರೆಯಾದದ್ದೇ ತಡ, ಜನ ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನೇಕಾರನನ್ನು ಹೆಗಲ ಮೇಲೆ ಎತ್ತಿ ಕುಣಿದರು. ಹೊರಡುವ ಅವಸರದಲ್ಲಿ ನಾಟಕದವರು ಒಂದು ಬಟ್ಟೆಯ ಗಂಟನ್ನು ಅಲ್ಲೇ ಮರೆತುಹೋಗಿದ್ದರು. ಊರ ವ್ಯಾಪಾರಿಯೊಬ್ಬ ಅದನ್ನು ಬಿಚ್ಚಿದ. ಒಳಗೆ ಗಡ್ಡವಿತ್ತು, ಕಾವಿ ಶಲ್ಯವಿತ್ತು. ವ್ಯಾಪಾರಿ ಮಾತಿಗೆ ಮುಂಚೆ ನಗಿಸುವ ಮನುಷ್ಯ. ಗಡ್ಡ ಕಟ್ಟಿಕೊಂಡ, ಶಲ್ಯ ಹೊದ್ದ.

"ನೋಡಿ, ಅಜ್ಜನನ್ನು ಹೀಗೆ ಕುಣಿಸಬೇಕೆಂದಿದ್ದರು!" ಎನ್ನುತ್ತ ತೂರಾಡಿಕೊಂಡು ಬಂದು ಹೊಸ್ತಿಲ ಮೇಲೆ ದೊಪ್ಪನೆ ಬಿದ್ದ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಅವನು ಇನ್ನೊಮ್ಮೆ ಬಿದ್ದ. ಈ ಸಲ ತೇಗಿದ, ಬಿಕ್ಕಳಿಸಿದ. ನೇಕಾರನೂ ನಕ್ಕ. ಹಗಲಿರುಳು ಬಿಗಿಹಿಡಿದಿದ್ದ ಮೈಯೆಲ್ಲ ಸಡಿಲವಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನೀರು ಒರೆಸಿಕೊಳ್ಳುತ್ತ ತಲೆ ಎತ್ತಿದರೆ ಅಂಗಳದ ಬಾಗಿಲಲ್ಲಿ ಅಜ್ಜನ ಪಾತ್ರದ ಆ ನಟ ನಿಂತಿದ್ದ. ಗಂಟಿಗಾಗಿ ಹಿಂದಿರುಗಿ ಬಂದಿದ್ದ. ಚಪ್ಪಲಿಯನ್ನು ಆಚೆಗೇ ಬಿಟ್ಟು, ಗದ್ದುಗೆಗೆ ಕೈಮುಗಿದುಕೊಂಡು ನಿಂತಿದ್ದ.

ನಗು ಒಬ್ಬೊಬ್ಬರಲ್ಲೇ ನಿಂತಿತು. ವ್ಯಾಪಾರಿ ಗಡ್ಡ ಬಿಚ್ಚಿ ನೆಲಕ್ಕಿಟ್ಟ. ನಟ ಬಂದು ಅದನ್ನು ಎತ್ತಿಕೊಂಡು, ಧೂಳು ಕೊಡವಿ, ಶಲ್ಯದಲ್ಲಿ ಸುತ್ತಿದ. ನೇಕಾರನ ಮುಖ ನೋಡಿ ಮೆಲ್ಲಗೆ ಹೇಳಿದ:

"ಅಣ್ಣಾ, ಅಜ್ಜ ಬೀಳುವಾಗ ನೋಡುವವರು ಯಾರೂ ನಗಬಾರದು, ಹಾಗೆ ಬೀಳುವುದನ್ನು ನಾನು ಬಹಳ ಕಷ್ಟಪಟ್ಟು ಕಲಿತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟು ಬಗಲಿಗಿಟ್ಟುಕೊಂಡು ಹೊರಟುಹೋದ.

ನಿನ್ನೆ ಪರವೂರಿನವನು ಹೊಸ್ತಿಲ ಮೇಲೆ ಬಿದ್ದಾಗ ನೇಕಾರನ ಬಾಯಿ ಒಣಗಿತ್ತು. ಇಂದು ತನ್ನೂರಿನವನು ಅಲ್ಲೇ ಬಿದ್ದ, ಮತ್ತೆ ಬಿದ್ದ, ತೇಗಿದ. ಆಗ ತನಗೆ ಏನೂ ಆಗಿರಲಿಲ್ಲ. ಏನೂ ಆಗದೆ ಇದ್ದದ್ದೇ ಅವನನ್ನು ನಡುಗಿಸಿತು.

"ಅಯ್ಯೋ, ಬಿಡಿ. ನಾವು ನಮ್ಮನಮ್ಮಲ್ಲಿ ತಮಾಷೆ ಮಾಡಿದ್ದು. ಅದು ಬೇರೆ, ಇದು ಬೇರೆ" ಎಂದ ವ್ಯಾಪಾರಿ.

ಕೆಲವರು ಹೌದೆಂದು ತಲೆಯಾಡಿಸಿದರು. ಆದರೂ ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ. ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ನೇಕಾರ ಮಾತ್ರ ಹೋಗಲಿಲ್ಲ. ಕೈಮುಗಿದು ಅಲ್ಲೇ ಕುಸಿದು ಕೂತ. ಊಟದ ಹೊತ್ತು ಮೀರಿದ ಮೇಲೆ ಮಗಳು ಹುಡುಕಿಕೊಂಡು ಬಂದಳು.

"ಏಳಪ್ಪಾ, ನಾಟಕದವರು ಹೋಗಿ ಆಯಿತಲ್ಲ. ಇನ್ನು ಯಾರನ್ನು ತಡೆಯೋಕೆ ಕೂತಿದ್ದೀಯ?" ಎಂದಳು.

ಅವನು ಮುಗಿದ ಕೈ ಬಿಡಲಿಲ್ಲ, ಏಳಲೂ ಇಲ್ಲ.

ಗುರುಗಳು ಇಷ್ಟಕ್ಕೇ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಗುರುಗಳೇ, ಆ ಊರವರು ಅಂಗಳದಲ್ಲಿ ಕೂತದ್ದೇ ತಪ್ಪಾಯಿತೇ?" ಎಂದ.

"ಕೂತದ್ದು ತಪ್ಪಲ್ಲ ಮಗು, ಬೇಗ ಎದ್ದುಬಿಟ್ಟರು."